ಗಣಕದ ನುಡಿಗೆ ಅಕ್ಷರಾಭ್ಯಾಸ



ಅರಸೀಕೆರೆ, ಬೇಲೂರು, ಹಳೇಬೀಡುಗಳ ಸುತ್ತಿನ ಗೃಹಸ್ಥರು ಮಕ್ಕಳ ವಿದ್ಯಾಭ್ಯಾಸದ ವಿಚಾರವೆತ್ತಿದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. “ನಮ್ಮ ಹುಡುಗಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕಂಪ್ಯೂಟರ್ ಪ್ರೋಗ್ರಾಮಿಂಗ್ ಅವಳ ತಲೆಗೆ ಹತ್ತೀತೇ ಗುರುಗಳೇ?” ಈ ಪ್ರಶ್ನೆಯ ಬೆನ್ನಿಗೆ ಎರಡು ಭಯಗಳಿವೆ. ಇಂಗ್ಲಿಷಿನ ಭಯ ಒಂದು, ಹಣದ ಭಯ ಇನ್ನೊಂದು. ಮೊದಲನೆಯ ಭಯದಿಂದ ಎಷ್ಟೋ ಮಕ್ಕಳು ಆ ದಾರಿಯನ್ನೇ ತುಳಿಯುವುದಿಲ್ಲ. ಎರಡನೆಯದನ್ನು ಮೀರಲೆಂದು ಎಷ್ಟೋ ತಾಯಂದಿರು ಒಡವೆಯನ್ನು ಅಡವಿಟ್ಟು ತರಬೇತಿಯ ಶುಲ್ಕ ಕಟ್ಟುತ್ತಾರೆ. ಮಗುವಿಗೆ ಆ ವಿದ್ಯೆಯಲ್ಲಿ ಆಸಕ್ತಿ ಇದೆಯೋ ಇಲ್ಲವೋ ಎಂಬುದು ಶುಲ್ಕ ಕಟ್ಟಿದ ಮೇಲೆ ತಿಳಿಯುತ್ತದೆ.

ಈ ಎರಡು ಭಯಗಳೂ ಬಹುಮಟ್ಟಿಗೆ ನಿರಾಧಾರವಾದವು. ಆರಂಭದ ಮೂರು ತಿಂಗಳ ಕಲಿಕೆಗೆ ಒಂದು ಕಾಸೂ ಬೇಕಿಲ್ಲ, ಇಂಗ್ಲಿಷಿನ ಪಾಂಡಿತ್ಯವೂ ಬೇಕಿಲ್ಲ. ಹೇಳಬೇಕಾದುದನ್ನು ಒಂದೊಂದೇ ಹೆಜ್ಜೆಯಾಗಿ, ಎರಡರ್ಥಕ್ಕೆ ಎಡೆಯಿಲ್ಲದಂತೆ ಹೇಳುವ ಶಿಸ್ತೊಂದಿದ್ದರೆ ಸಾಕು. ಈ ತಿಂಗಳ ಅಂಕಣದಲ್ಲಿ ಅದನ್ನೇ ನಿರೂಪಿಸಲು ಯತ್ನಿಸುತ್ತೇವೆ.

ಪ್ರೋಗ್ರಾಂ ಎಂಬುದಕ್ಕೆ ಕನ್ನಡದಲ್ಲಿ ಕ್ರಮವಿಧಿ ಎಂಬ ಸೊಗಸಾದ ಪದವಿದೆ. ಪೂಜೆಗೊಂದು ಕ್ರಮವಿದೆ, ಅಡುಗೆಗೊಂದು ಕ್ರಮವಿದೆ. ಒಗ್ಗರಣೆಗೆ ಎಣ್ಣೆ ಕಾಯುವ ಮೊದಲೇ ಸಾಸಿವೆ ಹಾಕಿದರೆ ಅದು ಸಿಡಿಯುವುದಿಲ್ಲ. ಮನೆಯ ಸೊಸೆಗೆ ಅತ್ತೆ ಇದನ್ನು ಅರ್ಧ ಮಾತಿನಲ್ಲಿ ಹೇಳಿದರೂ ಸೊಸೆ ಉಳಿದರ್ಧವನ್ನು ಊಹಿಸಿಕೊಳ್ಳುತ್ತಾಳೆ. ಗಣಕಯಂತ್ರವು ಊಹಿಸಿಕೊಳ್ಳದು. ಹೇಳಿದಷ್ಟನ್ನು ಹೇಳಿದ ಕ್ರಮದಲ್ಲಿಯೇ ಮಾಡುವುದು ಅದರ ಸ್ವಭಾವ. ಹೀಗೆ ಹೇಳುವುದಕ್ಕಾಗಿ ಮನುಷ್ಯರು ರಚಿಸಿಕೊಂಡ ಕೃತಕ ನುಡಿಗಳಿಗೆ ಪ್ರೋಗ್ರಾಮಿಂಗ್ ಭಾಷೆಗಳೆಂದು ಹೆಸರು.

ಆರಂಭಿಕರಿಗೆಂದೇ ಸುಲಭವಾದ ಭಾಷೆಯೊಂದನ್ನು ರಚಿಸುವ ಯತ್ನ ಹಳೆಯದು. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಜ್ ಎಂಬ ಇಬ್ಬರು ಗಣಿತದ ಅಧ್ಯಾಪಕರು, ವಿಜ್ಞಾನ ಓದದ ವಿದ್ಯಾರ್ಥಿಗಳೂ ಗಣಕವನ್ನು ಬಳಸಬೇಕೆಂಬ ಆಶಯದಿಂದ ಬೇಸಿಕ್ ಭಾಷೆಯನ್ನು ರೂಪಿಸಿದರು. 1967ರಲ್ಲಿ ಸೀಮರ್ ಪ್ಯಾಪರ್ಟ್ ಮತ್ತು ಅವರ ಸಂಗಡಿಗರು ಮಕ್ಕಳಿಗಾಗಿ ಲೋಗೋ ಎಂಬ ಭಾಷೆಯನ್ನು ರಚಿಸಿದರು. ಇಂದು ಆರಂಭಿಕರಿಗೆ ಹೆಚ್ಚಾಗಿ ಕಲಿಸುವ ಪೈಥಾನ್ ಭಾಷೆಯನ್ನು ನೆದರ್ಲೆಂಡ್ಸ್ ದೇಶದ ಗೀಡೊ ವಾನ್ ರಾಸಮ್ ಅವರು 1989ರ ಕ್ರಿಸ್‌ಮಸ್ ರಜೆಯಲ್ಲಿ ಬರೆಯತೊಡಗಿ 1991ರಲ್ಲಿ ಲೋಕಕ್ಕೆ ಬಿಡುಗಡೆ ಮಾಡಿದರು. ಪೈಥಾನ್ ಎಂದರೆ ಹೆಬ್ಬಾವು ಎಂದು ಮಕ್ಕಳು ಬೆದರಬೇಕಿಲ್ಲ. ಅವರು ಆ ಹೆಸರನ್ನು ಆಯ್ದುಕೊಂಡದ್ದು ಬ್ರಿಟನ್ನಿನ ಹಾಸ್ಯ ತಂಡವೊಂದರ ಹೆಸರಿನಿಂದ.

ಈ ಭಾಷೆಯನ್ನೇ ಏಕೆ ಆರಿಸಿಕೊಳ್ಳಬೇಕು? ಮೊದಲನೆಯದಾಗಿ ಇದು ಉಚಿತ. ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ನಿನ ಜಾಲತಾಣದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದರ ಜೊತೆಯಲ್ಲಿಯೇ ಐಡಲ್ ಎಂಬ ಬರೆಯುವ ಕಿಟಕಿಯೂ ಬರುತ್ತದೆ. ಎರಡನೆಯದಾಗಿ ಎನ್.ಸಿ.ಇ.ಆರ್.ಟಿ.ಯ 11ನೆಯ ತರಗತಿಯ ಗಣಕವಿಜ್ಞಾನ ಪಠ್ಯಪುಸ್ತಕವು ಈ ಭಾಷೆಯನ್ನೇ ಆಧರಿಸಿದೆ. ಆ ಪುಸ್ತಕವೂ ಉಚಿತವಾಗಿ ಲಭ್ಯವಿರುವುದರಿಂದ ಕಲಿತದ್ದು ಮುಂದಿನ ಓದಿಗೂ ಒದಗುತ್ತದೆ. ಮೂರನೆಯದಾಗಿ, ಪೈಥಾನಿನಲ್ಲಿ ಕಾದಿರಿಸಿದ ಪದಗಳು ಕೇವಲ 35. ನಮ್ಮ ಕನ್ನಡ ವರ್ಣಮಾಲೆಯ ಅಕ್ಷರಗಳು 49. ಮರಳಿನ ಮೇಲೆ 49 ಅಕ್ಷರಗಳನ್ನು ತಿದ್ದಿದ ಮಗುವಿಗೆ 35 ಪದಗಳು ಹೊರೆಯಾದಾವೇ? ಅವುಗಳಲ್ಲಿಯೂ ಮೊದಲ ತಿಂಗಳಿಗೆ ಬೇಕಾಗುವವು ಹತ್ತು ಹನ್ನೆರಡು ಮಾತ್ರ. ಇಫ್ ಎಂದರೆ ‘ಆದರೆ’, ಎಲ್ಸ್ ಎಂದರೆ ‘ಇಲ್ಲದಿದ್ದರೆ’, ವೈಲ್ ಎಂದರೆ ‘ಇರುವ ತನಕ’. ಇಷ್ಟನ್ನು ಕಲಿಯಲು ಇಂಗ್ಲಿಷ್ ಮಾಧ್ಯಮದ ಶಾಲೆ ಬೇಕಿಲ್ಲ.

ಹನ್ನೆರಡನೆಯ ಶತಮಾನದ ಶರಣರು ಮಾಡಿದ ಮಹತ್ಕಾರ್ಯವನ್ನು ಇಲ್ಲಿ ನೆನೆಯಬೇಕು. ಕೆಲವರ ಸೊತ್ತಾಗಿದ್ದ ಅನುಭಾವದ ವಿಚಾರವನ್ನು ಅವರು ಮನೆಮಾತಿನಲ್ಲಿ ಆಡಿ ಎಲ್ಲ ಕಾಯಕದವರ ಅಂಗಳಕ್ಕೂ ತಂದರು. ಹಾಗೆ ತರುವಾಗ ಲಿಂಗ, ಜಂಗಮ, ಪ್ರಸಾದ ಮೊದಲಾದ ಪರಿಭಾಷೆಗಳನ್ನು ಬಿಡಲಿಲ್ಲ. ಅವುಗಳ ಸುತ್ತ ಕನ್ನಡವನ್ನು ಹೆಣೆದರು. ಪೈಥಾನಿನ ವಿಷಯದಲ್ಲಿಯೂ ನಾವು ಇದನ್ನೇ ಮಾಡಬಹುದು. ಆ 35 ಪದಗಳು ಪರಿಭಾಷೆಯಾಗಿ ಇಂಗ್ಲಿಷ್ ಲಿಪಿಯಲ್ಲಿಯೇ ಇರಲಿ. ನಾವು ಇಡುವ ಹೆಸರುಗಳೂ ತೆರೆಯ ಮೇಲೆ ಮೂಡುವ ಮಾತುಗಳೂ ಕನ್ನಡದಲ್ಲಿರಬಹುದು. 2008ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿಯಿಂದ ಇದಕ್ಕೆ ಪೂರ್ಣ ಅವಕಾಶವಿದೆ.

ಇನ್ನು ಅಕ್ಷರಾಭ್ಯಾಸಕ್ಕೆ ತೊಡಗೋಣ. ಮುಂದಿನ ಸಾಲುಗಳಲ್ಲಿ ಪರಿಭಾಷೆಗಳನ್ನೂ ಕನ್ನಡ ಲಿಪಿಯಲ್ಲಿಯೇ ಅಚ್ಚು ಮಾಡಿದ್ದೇವೆ. ಗಣಕದಲ್ಲಿ ಬರೆಯುವಾಗ ಪ್ರಿಂಟ್, ಇನ್‌ಪುಟ್, ಫ್ಲೋಟ್, ಫಾರ್, ಇನ್ ಮೊದಲಾದ ಪದಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆಯತಕ್ಕದ್ದು. ಮೊದಲ ದಿನದ ಪಾಠ ಒಂದೇ ಸಾಲು.

ಪ್ರಿಂಟ್("ನಮ್ಮ ಊರು ಅರಸೀಕೆರೆ")

ಇದನ್ನು ಬರೆದು ನಡೆಸಿದರೆ ತೆರೆಯ ಮೇಲೆ ಆ ವಾಕ್ಯ ಮೂಡುತ್ತದೆ. ಈಗ ಉದ್ಧರಣ ಚಿಹ್ನೆಗಳನ್ನು ಬೇಕೆಂದೇ ಅಳಿಸಿ ಮತ್ತೊಮ್ಮೆ ನಡೆಸಬೇಕು. ಗಣಕವು ಕೆಂಪಕ್ಷರಗಳಲ್ಲಿ ದೋಷವನ್ನು ತಿಳಿಸುತ್ತದೆ. ಆರಂಭದಲ್ಲಿ ಮಕ್ಕಳು ಈ ಕೆಂಪಕ್ಷರಗಳನ್ನು ಬೈಗುಳವೆಂದು ತಿಳಿದು ಎದ್ದುಹೋಗುತ್ತಾರೆ. ಅದು ಬೈಗುಳವಲ್ಲ, ದೋಷವು ಎಷ್ಟನೆಯ ಸಾಲಿನಲ್ಲಿ ಕಂಡಿತು, ಯಾವ ಜಾತಿಯದು ಎಂಬುದರ ವರದಿ. ದೋಷವನ್ನು ತಾನಾಗಿಯೇ ಮಾಡಿ, ವರದಿಯನ್ನು ಓದಿ, ತಾನಾಗಿಯೇ ತಿದ್ದಿದ ಮಗು ಮೊದಲ ದಿನವೇ ಅರ್ಧ ವಿದ್ಯೆಯನ್ನು ಗಳಿಸಿದಂತೆ.

ಎರಡನೆಯ ವಾರದ ಪಾಠವನ್ನು ಮಕ್ಕಳು ಮನೆಯ ಲೆಕ್ಕದಿಂದಲೇ ಆರಂಭಿಸಲಿ. ಅರಸೀಕೆರೆಯ ಸೀಮೆ ತೆಂಗಿನ ಸೀಮೆ. ಕೊಬ್ಬರಿ ಮಾರಿ ಬಂದ ಚೀಟಿಯನ್ನು ಮಡಿಸಿ ಜೇಬಿನಲ್ಲಿಡುವ ರೈತರು ಎಷ್ಟೋ ಮಂದಿ. ಚೀಟಿಯ ಕೂಡುವಿಕೆ ಕಳೆಯುವಿಕೆಗಳನ್ನು ಮತ್ತೊಮ್ಮೆ ನೋಡುವವರು ಕಡಿಮೆ. ಆ ಲೆಕ್ಕಕ್ಕೆ ನಾಲ್ಕು ಸಾಲು ಸಾಕು.

ತೂಕ = ಫ್ಲೋಟ್(ಇನ್‌ಪುಟ್("ಎಷ್ಟು ಕ್ವಿಂಟಾಲ್? "))
ದರ = ಫ್ಲೋಟ್(ಇನ್‌ಪುಟ್("ಕ್ವಿಂಟಾಲಿಗೆ ಎಷ್ಟು ರೂಪಾಯಿ? "))
ಖರ್ಚು = ಫ್ಲೋಟ್(ಇನ್‌ಪುಟ್("ಕೂಲಿ, ಸಾಗಣೆ ಸೇರಿ ಎಷ್ಟು? "))
ಪ್ರಿಂಟ್("ಕೈಗೆ ಬರುವ ಹಣ", ತೂಕ * ದರ - ಖರ್ಚು)

ಇಲ್ಲಿ ನಕ್ಷತ್ರ ಚಿಹ್ನೆಗೆ ಗುಣಾಕಾರವೆಂದು ಅರ್ಥ. 2025ರ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,100 ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಪಡಿಸಿತ್ತು. ಮೂರೂವರೆ ಕ್ವಿಂಟಾಲ್ ತೂಕ, 12100 ದರ, 850 ಖರ್ಚು ಎಂದು ಉತ್ತರಿಸಿದರೆ 41500.0 ಎಂಬ ಉತ್ತರ ಬರುತ್ತದೆ. ದರವನ್ನು ಬರೆಯುವಾಗ ನಡುವೆ ಅಲ್ಪವಿರಾಮ ಹಾಕಬಾರದು ಎಂಬುದನ್ನು ಗಮನಿಸಬೇಕು.

ಫ್ಲೋಟ್ ಎಂಬ ಪದ ಏಕೆ ಬಂದಿತೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನಾವು ಕೀಲಿಮಣೆಯಲ್ಲಿ ಒತ್ತಿದ್ದೆಲ್ಲವನ್ನೂ ಇನ್‌ಪುಟ್ ಎಂಬುದು ಬರಿಯ ಬರಹವೆಂದು ಸ್ವೀಕರಿಸುತ್ತದೆ. ಬರಹದ 2ಕ್ಕೆ ಬರಹದ 3ನ್ನು ಕೂಡಿಸಿದರೆ ಬರುವುದು 5 ಅಲ್ಲ, ಪಕ್ಕಪಕ್ಕದಲ್ಲಿ ಅಂಟಿದ 23. ಬರಹವನ್ನು ದಶಾಂಶವುಳ್ಳ ಸಂಖ್ಯೆಯಾಗಿಸುವುದು ಫ್ಲೋಟ್, ಪೂರ್ಣಾಂಕವಾಗಿಸುವುದು ಇಂಟ್. ಸಂತೋಷದ ಸಂಗತಿಯೆಂದರೆ, ಇಂಟ್ ಎಂಬುದು ನಮ್ಮ ಕನ್ನಡದ ಅಂಕಿಗಳನ್ನೂ ಬಲ್ಲದು. ಪ್ರಶ್ನೆಗೆ ಉತ್ತರವಾಗಿ ೧೨ ಎಂದು ಕನ್ನಡದಲ್ಲಿ ಒತ್ತಿದರೂ ಅದು 12 ಎಂದೇ ಗ್ರಹಿಸುತ್ತದೆ. ಆದರೆ ಕ್ರಮವಿಧಿಯ ಸಾಲಿನೊಳಗೆ ನೇರವಾಗಿ ಬರೆಯುವ ಸಂಖ್ಯೆಗಳಿಗೆ ಇಂಗ್ಲಿಷಿನ ಅಂಕಿಗಳೇ ಆಗಬೇಕು.

ಹರಿಹರ ಕವಿಯು ದೋರಸಮುದ್ರದ, ಅಂದರೆ ಇಂದಿನ ಹಳೇಬೀಡಿನ, ಅರಮನೆಯಲ್ಲಿ ಕರಣಿಕನಾಗಿದ್ದನೆಂದು ಪ್ರತೀತಿ. ಲೆಕ್ಕ ಬರೆಯುವ ಕಾಯಕಕ್ಕೂ ಶಿವಭಕ್ತಿಗೂ ವಿರೋಧವಿಲ್ಲವೆಂಬುದಕ್ಕೆ ಅವನಿಗಿಂತ ಬೇರೆ ಸಾಕ್ಷಿ ಬೇಕೇ? ತಂದೆಯ ಚೀಟಿಯನ್ನು ತಾನೇ ಬರೆದ ನಾಲ್ಕು ಸಾಲಿನಿಂದ ತಾಳೆ ನೋಡಿದ ಮಗಳು ಮಾಡಿದ್ದೂ ಕರಣಿಕನ ಕಾಯಕವೇ.

ಮೂರನೆಯ ಪಾಠ ಪುನರಾವರ್ತನೆ. ಗಣಕದ ನಿಜವಾದ ಬಲವಿರುವುದು ಇಲ್ಲಿ. ಇದನ್ನು ಕಲಿಸಲು ನಮ್ಮ ಸೀಮೆಯಲ್ಲಿ ಕಲ್ಲಿನ ಪಠ್ಯಪುಸ್ತಕಗಳೇ ನಿಂತಿವೆ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯ, ಅಲ್ಲಿಂದ 16 ಕಿಲೋಮೀಟರ್ ದೂರದ ಹಳೇಬೀಡಿನ ಹೊಯ್ಸಳೇಶ್ವರ, ಅರಸೀಕೆರೆಯಲ್ಲಿ 1220ರ ಸುಮಾರಿಗೆ ಕಟ್ಟಿದ ಶಿವಾಲಯ, ಈ ಮೂರರಲ್ಲಿಯೂ ನಕ್ಷತ್ರಾಕಾರದ ವಿನ್ಯಾಸವಿದೆ. ಬೇಲೂರು ಹಳೇಬೀಡುಗಳ ಗುಡಿಗಳು 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅರಸೀಕೆರೆಯ ಶಿವಾಲಯಕ್ಕೆ ಅಷ್ಟು ಪ್ರಸಿದ್ಧಿ ಇಲ್ಲದಿದ್ದರೂ ಅದರ ಮುಂದಿನ ತೆರೆದ ಮಂಟಪವು ಹದಿನಾರು ಮೂಲೆಗಳ ನಕ್ಷತ್ರವಾಗಿ ನಿಂತಿರುವುದು ನೋಡತಕ್ಕದ್ದು. ಒಂದು ಚೌಕವನ್ನು ಅದರ ಕೇಂದ್ರದ ಸುತ್ತ ಸಮನಾಗಿ ತಿರುಗಿಸುತ್ತ ಹೋದರೆ ಇಂಥ ನಕ್ಷತ್ರ ಹುಟ್ಟುತ್ತದೆ.

ಪೈಥಾನಿನೊಡನೆ ಟರ್ಟಲ್, ಅಂದರೆ ಆಮೆ, ಎಂಬ ಚಿತ್ರ ಬರೆಯುವ ಸಾಧನವೂ ಬರುತ್ತದೆ. ಇದು ಪ್ಯಾಪರ್ಟರ ಲೋಗೋ ಭಾಷೆಯಿಂದ ಬಂದ ಬಳುವಳಿ. ಆಮೆಗೆ ಮುಂದೆ ಹೋಗು, ಬಲಕ್ಕೆ ತಿರುಗು ಎಂದು ಹೇಳಿದರೆ ಅದು ನಡೆದ ದಾರಿಯೇ ಗೆರೆಯಾಗುತ್ತದೆ. ನೂರು ಹೆಜ್ಜೆ ಮುಂದೆ, 90 ಅಂಶ ಬಲಕ್ಕೆ. ಇದನ್ನು ನಾಲ್ಕು ಸಲ ಮಾಡಿಸಿದರೆ ಚೌಕ ಸಿದ್ಧ. ನಾಲ್ಕು ಸಲವೂ ಬರೆಯಬೇಕಿಲ್ಲ. ಫಾರ್ ಎಂಬ ಪದದಿಂದ ನಾಲ್ಕು ಸಲ ಎಂದು ಒಮ್ಮೆ ಹೇಳಿ, ಅದರ ಕೆಳಗೆ ಎಡ ಅಂಚಿನಿಂದ ನಾಲ್ಕು ಸ್ಥಳ ಬಿಟ್ಟು ಆ ಎರಡು ಆಜ್ಞೆಗಳನ್ನು ಬರೆದರಾಯಿತು. ಪೈಥಾನಿನಲ್ಲಿ ಈ ಅಂಚು ಅಲಂಕಾರಕ್ಕಲ್ಲ. ಯಾವ ಸಾಲು ಯಾವುದರ ಒಳಗಿನದು ಎಂಬುದನ್ನು ಅಂಚೇ ಹೇಳುತ್ತದೆ.

ನಕ್ಷತ್ರಕ್ಕೆ ಸ್ವಲ್ಪ ಯೋಚನೆ ಬೇಕು. ಆಮೆಯು ಕೇಂದ್ರದಲ್ಲಿ ಲೇಖನಿಯನ್ನು ಎತ್ತಿಕೊಂಡು 100 ಹೆಜ್ಜೆ ಮುಂದೆ ಹೋಗಲಿ. ಅಲ್ಲಿ ಲೇಖನಿಯನ್ನು ಇಳಿಸಿ, 135 ಅಂಶ ಬಲಕ್ಕೆ ತಿರುಗಿ, ಒಂದೊಂದು ಭುಜ 141.4 ಹೆಜ್ಜೆಯಿರುವ ಚೌಕವನ್ನು ಬರೆಯಲಿ. ಬಳಿಕ 135 ಅಂಶ ಎಡಕ್ಕೆ ತಿರುಗಿ, ಲೇಖನಿಯನ್ನೆತ್ತಿ, 100 ಹೆಜ್ಜೆ ಹಿಂದೆ ಸರಿದು ಕೇಂದ್ರಕ್ಕೆ ಬಂದು, 22.5 ಅಂಶ ಬಲಕ್ಕೆ ತಿರುಗಲಿ. ಇಷ್ಟೂ ಕೆಲಸವನ್ನು ನಾಲ್ಕು ಸಲ ಮಾಡಿಸಿದರೆ ನಾಲ್ಕು ಚೌಕಗಳ ಹದಿನಾರು ಮೂಲೆಗಳು ಸಮದೂರದಲ್ಲಿ ನಿಲ್ಲುತ್ತವೆ. 360ನ್ನು 16ರಿಂದ ಭಾಗಿಸಿದರೆ 22.5 ಎಂಬುದನ್ನೂ, ಭುಜವು 141.4 ಏಕೆ ಎಂಬುದನ್ನೂ ಮಗು ಲಂಬಕೋನ ತ್ರಿಭುಜದ ಪಾಠದಿಂದ ತಾನೇ ಕಂಡುಕೊಳ್ಳಲಿ. ಅಧ್ಯಾಪಕರು ಮಕ್ಕಳನ್ನು ಮೊದಲು ಶಿವಾಲಯಕ್ಕೆ ಕರೆದೊಯ್ದು ಮೂಲೆಗಳನ್ನು ಎಣಿಸಿಸಿ, ಆಮೇಲೆ ಗಣಕದ ಮುಂದೆ ಕೂರಿಸಿದರೆ ಇತಿಹಾಸ, ಗಣಿತ, ಗಣಕ ಮೂರೂ ಒಂದೇ ದಿನದ ಪಾಠವಾದಾವು. ಒಂದು ಎಚ್ಚರಿಕೆ: ಈ ಕಡತಕ್ಕೆ ಟರ್ಟಲ್ ಎಂದೇ ಹೆಸರಿಟ್ಟು ಉಳಿಸಬಾರದು. ಹಾಗೆ ಮಾಡಿದರೆ ಪೈಥಾನ್ ತನ್ನ ಆಮೆಯನ್ನು ಬಿಟ್ಟು ಈ ಕಡತವನ್ನೇ ಆಮೆಯೆಂದು ಭ್ರಮಿಸುತ್ತದೆ. ‘ನಕ್ಷತ್ರ’ ಎಂದು ಹೆಸರಿಡುವುದು ಕ್ಷೇಮ.

ಕ್ರಮವಿಧಿಯ ತಲೆಯಲ್ಲಿ ಬರೆದವರ ಹೆಸರು, ದಿನಾಂಕ, ಉದ್ದೇಶಗಳನ್ನು ಕನ್ನಡದಲ್ಲಿ ಬರೆದಿಡುವುದೂ ಮೊದಲಿನಿಂದಲೇ ರೂಢಿಯಾಗಬೇಕು. ಸಾಲಿನ ಆರಂಭಕ್ಕೆ ಹ್ಯಾಷ್ ಗುರುತನ್ನು ಹಾಕಿದರೆ ಗಣಕವು ಆ ಸಾಲನ್ನು ಮುಟ್ಟುವುದಿಲ್ಲ. ಅದು ಓದುವ ಮನುಷ್ಯರಿಗಾಗಿ ಮಾತ್ರ ಇರುತ್ತದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೊರೆದಿದ್ದಾರೆ. ಕೆಲಸದ ಹೊಣೆಯನ್ನು ಹೊರುವವನು ಹೆಸರು ಹಾಕಲು ಅಂಜುವುದಿಲ್ಲ.

ಮಠದ ಪಾಠಶಾಲೆಯಲ್ಲಿ ಛಂದಸ್ಸನ್ನು ಕಲಿತ ನಮ್ಮಂಥವರಿಗೆ ನಾಲ್ಕನೆಯ ಪಾಠ ಬಲು ಪ್ರಿಯವಾದದ್ದು. ಅಕ್ಷರಗಣಗಳು ಎಂಟೇ ಏಕೆ? ಗುರು ಲಘು ಎಂಬ ಎರಡನ್ನು ಮೂರು ಸ್ಥಾನಗಳಲ್ಲಿ ಇಟ್ಟರೆ ಎರಡೆರಡಲ ನಾಲ್ಕು, ನಾಲ್ಕೆರಡಲ ಎಂಟು. ಇದನ್ನು ಪ್ರಸ್ತಾರ ಮಾಡಿ ತೋರಿಸುವ ಕೆಲಸವನ್ನು ಹಿಂದೆ ಮಣೆಯ ಮೇಲೆ ಮಾಡುತ್ತಿದ್ದರು. ಪೈಥಾನಿನಲ್ಲಿ ಇದು ಪುನರಾವರ್ತನೆಯೊಳಗೆ ಪುನರಾವರ್ತನೆ.

ಫಾರ್ ಒಂದು ಇನ್ "ಗಲ":
    ಫಾರ್ ಎರಡು ಇನ್ "ಗಲ":
        ಫಾರ್ ಮೂರು ಇನ್ "ಗಲ":
            ಪ್ರಿಂಟ್(ಮೂರು, ಎರಡು, ಒಂದು)

ಇದನ್ನು ನಡೆಸಿದರೆ ಗ ಗ ಗ, ಲ ಗ ಗ, ಗ ಲ ಗ, ಲ ಲ ಗ ಎಂದು ಮೊದಲಾಗಿ ಎಂಟು ಸಾಲುಗಳು ಬರುತ್ತವೆ. ಛಂದಸ್ಸನ್ನು ಬಲ್ಲವರು ಗಮನಿಸಬೇಕು: ಅವು ಮ, ಯ, ರ, ಸ, ತ, ಜ, ಭ, ನ ಎಂಬ ಸಂಪ್ರದಾಯದ ಕ್ರಮದಲ್ಲಿಯೇ ಬರುತ್ತವೆ. ಕೊನೆಯ ಸಾಲಿನಲ್ಲಿ ಹೆಸರುಗಳನ್ನು ಒಂದು, ಎರಡು, ಮೂರು ಎಂದು ತಿರುಗಿಸಿ ಬರೆದರೆ ಗಣಗಳು ಎಂಟೇ ಇದ್ದರೂ ಕ್ರಮ ಕೆಡುತ್ತದೆ. ಏಕೆ ಕೆಟ್ಟಿತೆಂದು ವಿವರಿಸಬಲ್ಲ ವಿದ್ಯಾರ್ಥಿಗೆ ಪುನರಾವರ್ತನೆ ಅರ್ಥವಾಯಿತೆಂದು ನಿಶ್ಚಯಿಸಬಹುದು. ಈ ಭಾಷೆ ವಿಜ್ಞಾನದ ಮಕ್ಕಳಿಗೆ ಮಾತ್ರ ಎಂಬುದು ತಪ್ಪು ಎಣಿಕೆ. ಕನ್ನಡ ಐಚ್ಛಿಕ ಓದುವವರಿಗೂ ಇದರಲ್ಲಿ ಬೇಕಾದಷ್ಟು ಕೆಲಸವಿದೆ.

“ಈಗ ಕೃತಕ ಬುದ್ಧಿಮತ್ತೆಯೇ ಕೇಳಿದ ಕ್ರಮವಿಧಿಯನ್ನು ಬರೆದುಕೊಡುತ್ತದೆಯಂತೆ, ಕಲಿಯುವುದೇಕೆ?” ಎಂದು ಕೇಳುವವರಿದ್ದಾರೆ. ಬರೆದುಕೊಡುವುದು ನಿಜ. ಆದರೆ ಬರೆದುಕೊಟ್ಟದ್ದು ಸರಿಯೇ ಎಂದು ನೋಡಲು ಬರಬೇಡವೇ? ಕೊಬ್ಬರಿಯ ಲೆಕ್ಕದಲ್ಲಿ ಖರ್ಚನ್ನು ಕಳೆಯುವ ಬದಲು ಕೂಡಿದ್ದರೆ ಗಣಕವು ಯಾವ ಕೆಂಪಕ್ಷರವನ್ನೂ ತೋರಿಸದೆ ತಪ್ಪು ಉತ್ತರವನ್ನು ಸಮಾಧಾನವಾಗಿ ಕೊಡುತ್ತದೆ. ಅದನ್ನು ಹಿಡಿಯಬೇಕಾದವರು ನಾವು. ಓದಲು ಬಾರದವನು ಕೊಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ಕಥೆಗಳು ನಮ್ಮ ಹಳ್ಳಿಗಳಿಗೆ ಹೊಸತಲ್ಲ. ನಾಳೆಯ ಮಕ್ಕಳು ಗಣಕದ ಬರಹಕ್ಕೆ ಹೆಬ್ಬೆಟ್ಟು ಒತ್ತುವಂತಾಗಬಾರದು. ಆದ್ದರಿಂದ ಮೊದಲ ಮೂರು ತಿಂಗಳು ಪ್ರತಿಯೊಂದು ಸಾಲನ್ನೂ ಮಗು ತನ್ನ ಬೆರಳಿನಿಂದಲೇ ಬರೆಯಲಿ. ಬೇರೆಯವರ ಸಾಲುಗಳನ್ನು ಎತ್ತಿ ಅಂಟಿಸಿದರೆ ಕೈಗೆ ವಿದ್ಯೆ ಹತ್ತದು.

ಕ್ರಮ ಹೇಗಿರಬೇಕು? ಬೆಳಗಿನ ಪೂಜೆ ಮುಗಿದ ಮೇಲೋ ಸಂಜೆಯೋ, ದಿನಕ್ಕೆ ಅರ್ಧ ಗಂಟೆ ಸಾಕು. ಭಾನುವಾರ ನಾಲ್ಕು ಗಂಟೆ ಕೂರುವುದಕ್ಕಿಂತ ದಿನದ ಅರ್ಧ ಗಂಟೆ ಮೇಲು. ಗಣಕದ ಪಕ್ಕದಲ್ಲಿ ಒಂದು ನೋಟ್‌ಪುಸ್ತಕವಿರಲಿ. ಹೇಳಬೇಕಾದುದನ್ನು ಮೊದಲು ಕನ್ನಡದಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆದು, ಆಮೇಲೆ ಪೈಥಾನಿಗೆ ತಿರುಗಿಸಬೇಕು. ಮುಂಬಯಿಯ ಐ.ಐ.ಟಿ.ಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಹಲವು ಗಣಕ ಪಾಠಗಳಿಗೆ ಕನ್ನಡದ ಧ್ವನಿಯೂ ಇದೆ, ಅದನ್ನು ಬಳಸಿಕೊಳ್ಳಬಹುದು. ಮನೆಯಲ್ಲಿ ಗಣಕವಿಲ್ಲದಿದ್ದರೆ ಶಾಲೆಯಲ್ಲಿದೆಯೇ ಎಂದು ವಿಚಾರಿಸಬೇಕು. ಗ್ರಾಮ ಪಂಚಾಯತಿಯ ಅರಿವು ಕೇಂದ್ರಗಳಲ್ಲಿಯೂ ಹಲವೆಡೆ ಗಣಕಗಳಿವೆ. ಅದೂ ಇಲ್ಲದಿದ್ದರೆ ಮೊದಲ ಪಾಠಗಳಿಗೆ ಮೊಬೈಲಿನಲ್ಲಿಯೂ ಪೈಥಾನ್ ನಡೆಯುತ್ತದೆ. ಮೂರು ತಿಂಗಳು ಹೀಗೆ ನಡೆದು, ಮಗುವು ಹೇಳದೆಯೇ ಗಣಕದ ಮುಂದೆ ಕೂರುವಂತಾದರೆ ಆಗ ತರಬೇತಿಯ ಶುಲ್ಕದ ಮಾತು. ಅದಕ್ಕೆ ಮೊದಲು ಒಡವೆ ಪೆಟ್ಟಿಗೆಯಲ್ಲಿಯೇ ಇರಲಿ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿ ಹೇಳಬೇಕಾಗಿದೆ. ಮನೆಗೊಂದೇ ಮೊಬೈಲು ಇದ್ದಾಗ ಅದು ಮಗನ ಕೈಯಲ್ಲಿರುತ್ತದೆ, ಮಗಳಿಗೆ ಅಡುಗೆಮನೆಯ ಕೆಲಸ ಕಾದಿರುತ್ತದೆ. ಅಕ್ಕಮಹಾದೇವಿಯ ಭಾವಚಿತ್ರವನ್ನು ಗೋಡೆಗೆ ತೂಗುಹಾಕಿದ ಮನೆಗಳಲ್ಲಿ ಇದು ನಡೆಯತಕ್ಕದ್ದಲ್ಲ. ಆ ಅರ್ಧ ಗಂಟೆಯನ್ನು ಮಗಳಿಗೂ ಸರಿಸಮನಾಗಿ ಹಂಚುವುದು ತಂದೆತಾಯಿಗಳ ಕರ್ತವ್ಯ.

ಇನ್ನು ನಮ್ಮ ಮಠಗಳಿಗೂ ವಿದ್ಯಾರ್ಥಿನಿಲಯಗಳಿಗೂ ಒಂದು ವಿನಂತಿ. ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು (1907–2019) ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ನಾಡಿಗೆ ನಡೆದು ತೋರಿದರು. ಕಾಲ ಬದಲಾದಂತೆ ಅಕ್ಷರದ ವ್ಯಾಪ್ತಿಯೂ ಹಿಗ್ಗಿದೆ. ಅರಸೀಕೆರೆ, ಬೇಲೂರು, ಹಳೇಬೀಡುಗಳಲ್ಲಿ ಸಮಾಜದ ವಿದ್ಯಾರ್ಥಿನಿಲಯಗಳು ಎಲ್ಲಿ ಎರಡು ಗಣಕಗಳನ್ನು ಹೊಂದಿವೆಯೋ ಅಲ್ಲಿ ವಾರಕ್ಕೆರಡು ಸಂಜೆ ಜಾತಿಮತಗಳ ಭೇದವೆಣಿಸದೆ ಸುತ್ತಿನ ಹಳ್ಳಿಯ ಮಕ್ಕಳಿಗೆ ಬಾಗಿಲು ತೆರೆಯಲಿ. ಎಂಜಿನಿಯರಿಂಗ್ ಓದುತ್ತಿರುವ ನಮ್ಮ ತರುಣರು ರಜೆಯಲ್ಲಿ ಊರಿಗೆ ಬಂದಾಗ ಹತ್ತು ದಿನ ಅಲ್ಲಿ ಕುಳಿತು ಈ ನಾಲ್ಕು ಪಾಠಗಳನ್ನು ಹೇಳಿಕೊಡಲಿ. ಹೊಸ ಕಟ್ಟಡವೂ ಬೇಡ, ಉದ್ಘಾಟನೆಯೂ ಬೇಡ.

ಬೇಲೂರಿನಲ್ಲಿ ಕೆರೆ ಕಟ್ಟಿಸಿದ್ದರಿಂದಲೇ ಹೊಯ್ಸಳರ ಮಂತ್ರಿ ಪದ್ಮರಸನಿಗೆ ಕೆರೆಯ ಪದ್ಮರಸನೆಂಬ ಹೆಸರು ಬಂದಿತೆಂದು ಹೇಳುತ್ತಾರೆ. ಅವನು ‘ದೀಕ್ಷಾಬೋಧೆ’ಯನ್ನು ರಚಿಸಿದ ಕವಿಯೂ ಹೌದು. ಕೃತಿಯನ್ನು ಬಲ್ಲವರಿಗಿಂತ ಕೆರೆಯ ನೀರನ್ನು ಕುಡಿದವರೇ ಹೆಚ್ಚಿರಬೇಕು. ಬಲ್ಲ ವಿದ್ಯೆಯನ್ನು ಹತ್ತು ಮಕ್ಕಳಿಗೆ ಎರೆಯುವುದೂ ಅಂಥದೇ ಕಾಯಕವೆಂದು ನಾವು ನಂಬಿದ್ದೇವೆ. ಈ ಅಂಕಣವನ್ನು ಓದಿದ ಮನೆಗಳಲ್ಲಿ ನಾಳೆ ಸಂಜೆಯೇ ಒಂದು ಮಗು ಪ್ರಿಂಟ್ ಎಂಬ ಸಾಲನ್ನು ಬರೆದು ತನ್ನ ಊರಿನ ಹೆಸರನ್ನು ತೆರೆಯ ಮೇಲೆ ಕಾಣಲಿ ಎಂದು ಹಾರೈಸುತ್ತೇವೆ.